ನಲವತ್ತು ಮುಟ್ಟುವವರೆಗೂ ಕಾಯಿರಿ

ಆರೋಗ್ಯ ವಿಮೆಯ ಪಾಲಿಸಿ ಪುಸ್ತಕವನ್ನು ಕೊನೆಯವರೆಗೆ ಓದುವವರು ಕಡಿಮೆ. ಓದಿದವರಿಗೆ ಹಣ ಕೊಡಲಾಗದ ಖರ್ಚುಗಳ ಪಟ್ಟಿಯಲ್ಲಿ 'ಬೊಜ್ಜು ಮತ್ತು ತೂಕ ನಿಯಂತ್ರಣ' ಎಂಬ ಕಲಮು ಸಿಗುತ್ತದೆ. ಎಲ್ಲ ಕಂಪನಿಗಳಲ್ಲೂ ಅದರ ಒಕ್ಕಣೆ ಒಂದೇ, ಏಕೆಂದರೆ ಅದನ್ನು ಬರೆದುಕೊಟ್ಟದ್ದು ವಿಮಾ ನಿಯಂತ್ರಣ ಪ್ರಾಧಿಕಾರ, 2019ರ ಸೆಪ್ಟೆಂಬರ್‌ನಲ್ಲಿ. ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ, ಅಂದರೆ ಬೇರಿಯಾಟ್ರಿಕ್ ಸರ್ಜರಿಗೆ, ಹಣ ಸಿಗಬೇಕಾದರೆ ವಯಸ್ಸು 18 ತುಂಬಿರಬೇಕು, ವೈದ್ಯರ ಸಲಹೆ ಇರಬೇಕು, ಬಿಎಂಐ ಕನಿಷ್ಠ 40 ಇರಬೇಕು. 35 ಇದ್ದರೂ ನಡೆಯುತ್ತದೆ. ಆದರೆ ಆಗ ಬೊಜ್ಜಿನಿಂದ ಬಂದ ಹೃದಯಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ತೀವ್ರ ಸ್ಲೀಪ್ ಆಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಮಧುಮೇಹ, ಈ ನಾಲ್ಕರಲ್ಲಿ ಒಂದಾದರೂ ಜೊತೆಗಿರಬೇಕು. ಕತ್ತರಿ ಹಾಕದ ಉಪಾಯಗಳೆಲ್ಲ ಅದಕ್ಕೂ ಮೊದಲೇ ಸೋತಿರಬೇಕು.

ಹಿಂದೆ ಬಹಳಷ್ಟು ಪಾಲಿಸಿಗಳು ಈ ಚಿಕಿತ್ಸೆಯನ್ನು ಸಾರಾಸಗಟಾಗಿ ಹೊರಗಿಡುತ್ತಿದ್ದವು. ಅದಕ್ಕಿಂತ ಇದು ವಾಸಿ, ಒಪ್ಪೋಣ. ಆದರೆ 40 ಮತ್ತು 35 ಎಂಬ ಸಂಖ್ಯೆಗಳು ಯಾರ ದೇಹದ ಅಳತೆ? 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಹಾಕಿದ ಗೆರೆಗಳೇ ಇವು. 2022ರಲ್ಲಿ ಅಮೆರಿಕದ ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸಕರ ಸಂಘವೂ ಅದರ ಅಂತರರಾಷ್ಟ್ರೀಯ ಒಕ್ಕೂಟವೂ ಅವನ್ನು ಬದಿಗಿಟ್ಟು, ಏಷ್ಯಾದವರಿಗೆ 27.5ರಿಂದಲೇ ಚಿಕಿತ್ಸೆ ಸಿಗಬೇಕೆಂದವು. ಅಷ್ಟು ದೂರ ಹೋಗುವುದೂ ಬೇಡ. 2009ರಲ್ಲೇ ಭಾರತದ ವೈದ್ಯರು ಕೂತು ಒಮ್ಮತದಿಂದ ಬರೆದುಕೊಟ್ಟಿದ್ದರು: ಇಲ್ಲಿನವರಿಗೆ 25 ದಾಟಿದರೆ ಬೊಜ್ಜು, ಶಸ್ತ್ರಚಿಕಿತ್ಸೆಗೆ 37.5, ಬೇರೆ ಕಾಯಿಲೆ ಜೊತೆಗಿದ್ದರೆ 32.5. ಹತ್ತು ವರ್ಷದ ಬಳಿಕ ನಿಯಮ ಬರೆದವರಿಗೆ ಈ ಕಾಗದ ಕಣ್ಣಿಗೆ ಬೀಳಲಿಲ್ಲವೆಂದರೆ ನಂಬುವುದು ಕಷ್ಟ.

ಗೆರೆ ಏಕೆ ಕೆಳಗಿರಬೇಕು ಎಂಬುದಕ್ಕೆ ಪುಣೆಯ ಓದುಗರ ಊರಿನಲ್ಲೇ ಸಾಕ್ಷಿ ಇದೆ. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೊ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಕೂಡ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಎತ್ತರ-ತೂಕದ ಲೆಕ್ಕದಲ್ಲಿ ಇಬ್ಬರೂ ಒಂದೇ, ಒಳಗೆ ನೋಡಿದರೆ ಎರಡು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ನಮ್ಮ ಕೊಬ್ಬು ಹೊಟ್ಟೆಯ ಸುತ್ತ ಕೂರುತ್ತದೆ, ಸಕ್ಕರೆ ಕಾಯಿಲೆಯನ್ನು ಬೇಗ ಕರೆತರುತ್ತದೆ. ಈ ವಿಷಯದಲ್ಲಿ ಬಿಎಂಐಗಿಂತ ಕನ್ನಡವೇ ನಿಖರ: 'ಬೊಜ್ಜು ಬಂದಿದೆ' ಎಂದರೆ ಯಾರೂ ತೋಳು ನೋಡುವುದಿಲ್ಲ, ಹೊಟ್ಟೆ ನೋಡುತ್ತಾರೆ.

ಒಂದು ಲೆಕ್ಕ ಹಾಕಿ. 160 ಸೆಂಟಿಮೀಟರ್ ಎತ್ತರ, 86 ಕಿಲೊ ತೂಕದ ಹೆಂಗಸು, ತೀವ್ರ ಸ್ಲೀಪ್ ಆಪ್ನಿಯಾ ಇದೆ ಎಂದುಕೊಳ್ಳೋಣ. ಬಿಎಂಐ 33.6. ಇಂಗ್ಲೆಂಡಿನಲ್ಲಿಯೂ ಮೂಲ ಗೆರೆ 40 ಮತ್ತು 35; ಆದರೆ ದಕ್ಷಿಣ ಏಷ್ಯಾ ಮೂಲದವರಿಗೆ 2.5 ಇಳಿಸಬೇಕೆಂದು ಅಲ್ಲಿನ ನೈಸ್ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಈ ಹೆಂಗಸು ಹುಬ್ಬಳ್ಳಿಯಿಂದ ಲೆಸ್ಟರ್‌ಗೆ ಹೋಗಿ ನೆಲೆಸಿದ್ದರೆ ಆಕೆಯನ್ನು ತಜ್ಞರ ತಂಡಕ್ಕೆ ಕಳಿಸಬಹುದು. ಹುಬ್ಬಳ್ಳಿಯಿಂದ ಮುಂಬೈಗೆ ಹೋಗಿದ್ದರೆ ಇನ್ನೂ ನಾಲ್ಕು ಕಿಲೊ ಏರಿಸಿಕೊಂಡು ಬರಬೇಕು. ಭಾರತೀಯಳೆಂದು ಆಕೆಯನ್ನು ಗುರುತಿಸಲು ಇಂಗ್ಲೆಂಡೇ ಬೇಕಾಯಿತು.

'ಹತೋಟಿಗೆ ಬಾರದ' ಎಂಬ ವಿಶೇಷಣದ ಕಿತಾಪತಿಯನ್ನೂ ನೋಡಿ. ನಾಲ್ಕು ಬಗೆಯ ಮಾತ್ರೆ ನುಂಗಿ, ಇನ್ಸುಲಿನ್ ಚುಚ್ಚಿಕೊಂಡು, ಅನ್ನ ಬಿಟ್ಟು ಸಕ್ಕರೆಯನ್ನು ಹಿಡಿದಿಟ್ಟವನು ಅನರ್ಹ. ಕೈಚೆಲ್ಲಿದವನು ಅರ್ಹ. ಕೊಬ್ಬು ತುಂಬಿದ ಯಕೃತ್ತು, ಸವೆದ ಮಂಡಿ ಪಟ್ಟಿಯಲ್ಲೇ ಇಲ್ಲ. ಇನ್ನು ಮೊದಲು ಸೋಲಬೇಕಾದ ಉಪಾಯಗಳು: ಆಹಾರ ತಜ್ಞರ ಭೇಟಿ, ಆಪ್ತಸಲಹೆ, ಈಗ ಬಂದಿರುವ ದುಬಾರಿ ಚುಚ್ಚುಮದ್ದು. ಇವೆಲ್ಲ ಹೊರರೋಗಿ ಖರ್ಚು, ಬಹುತೇಕ ಪಾಲಿಸಿಗಳು ಕೊಡುವುದಿಲ್ಲ. ಇಂಗ್ಲೆಂಡಿನಲ್ಲಿ ಕಾಯುವ ಸಾಲು ಉದ್ದವಿದ್ದರೂ ಶಸ್ತ್ರಚಿಕಿತ್ಸೆಗೆ ಮುಂಚಿನ ಮೆಟ್ಟಿಲುಗಳು ಸರ್ಕಾರದ ಖರ್ಚಿನಲ್ಲಿವೆ. ಇಲ್ಲಿ ಏಣಿಯನ್ನೂ ರೋಗಿಯೇ ಕೊಂಡು ತರಬೇಕು, ಅದರಿಂದ ಬಿದ್ದದ್ದಕ್ಕೆ ಪುರಾವೆಯನ್ನೂ ಕೊಡಬೇಕು.

ಗೆರೆ ಇಳಿಸಿದರೆ ಪ್ರೀಮಿಯಂ ಏರುತ್ತದೆ, ಚಂದ ಕಾಣಬೇಕೆಂಬವರೆಲ್ಲ ಸಾಲುಗಟ್ಟುತ್ತಾರೆ ಎಂಬುದು ಕಂಪನಿಗಳ ಕಡೆಯಿಂದ ಬರಬಹುದಾದ ವಾದ. ಪ್ರೀಮಿಯಂ ಸ್ವಲ್ಪ ಏರಬಹುದು, ಅದನ್ನು ಅಲ್ಲಗಳೆಯಲಾಗದು. ಆದರೆ ಬೈಪಾಸ್‌ಗೂ ಡಯಾಲಿಸಿಸ್‌ಗೂ ಮುಂದೆ ಹಣ ಕೊಡುವುದು ಇದೇ ಪಾಲಿಸಿ. ಚಂದಕ್ಕಾಗಿ ಯಾರೂ ಜಠರದ ಬಹುಪಾಲನ್ನು ಕತ್ತರಿಸಿಕೊಂಡು ಜೀವಮಾನವಿಡೀ ವಿಟಮಿನ್ ನುಂಗುವುದಿಲ್ಲ. ದುರ್ಬಳಕೆಯ ಭಯವಿದ್ದರೆ ಎರಡನೆಯ ವೈದ್ಯರ ಅಭಿಪ್ರಾಯ ಕೇಳಲಿ, ತಪ್ಪು ಅಳತೆಯೇಕೆ?

ಪ್ರಾಧಿಕಾರ ತಿದ್ದಬೇಕಿರುವುದು ಒಂದೇ ಕಲಮು. 40ರ ಜಾಗದಲ್ಲಿ 37.5, 35ರ ಜಾಗದಲ್ಲಿ 32.5, ಮಧುಮೇಹದ ಹಿಂದಿನ ಆ ವಿಶೇಷಣಕ್ಕೆ ಕತ್ತರಿ. ಇದು 2009ರ ಭಾರತದ ಮಟ್ಟಕ್ಕೆ ಬಂದಂತಾಯಿತು ಅಷ್ಟೆ. 2022ರ ಮಾತು ಆಮೇಲೆ.