ಕೇಳುವ ಕಿವಿಗೂ ಪುರುಸೊತ್ತು ಬೇಕು

‘ಕಾನೂನು ಇದೆ, ಕಚೇರಿಯೂ ಇದೆ, ಕೆಲಸ ಮಾತ್ರ ಆಗುವುದಿಲ್ಲ.’ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಹೆಣ್ಣುಮಕ್ಕಳು ನಾಲ್ಕು ಜನ ಸೇರಿದಲ್ಲೆಲ್ಲ ಈ ಮಾತು ಕೇಳಿಬರುತ್ತದೆ. ಪೆಟ್ಟು ತಿಂದು, ತವರಿನವರಿಂದಲೂ ‘ಹೊಂದಿಕೊಂಡು ಹೋಗು’ ಎನ್ನಿಸಿಕೊಂಡು, ಕೊನೆಗೆ ಧೈರ್ಯ ಮಾಡಿ ಬಸ್ಸು ಹತ್ತಿ ಬಂದವಳಿಗೆ ‘ನಾಳೆ ಬಾ’ ಎಂಬ ಉತ್ತರ ಸಿಕ್ಕರೆ ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟನ್ನೆಲ್ಲ ಮೇಜಿನ ಹಿಂದೆ ಕುಳಿತ ಒಬ್ಬ ಅಧಿಕಾರಿಯ ಮೇಲೆ ಸುರಿದು ಸುಮ್ಮನಾದರೆ, ಆ ಮೇಜಿನ ಮೇಲೆ ಕಡತಗಳನ್ನು ಪೇರಿಸಿದವರು ತಪ್ಪಿಸಿಕೊಳ್ಳುತ್ತಾರೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2005ರಲ್ಲಿ ಬಂದು, 2006ರ ಅಕ್ಟೋಬರ್ 26ರಂದು ಜಾರಿಯಾಯಿತು. ದಶಕಗಳ ಚಳವಳಿಯ ಫಲ ಅದು. ನೊಂದವಳಿಗೂ ನ್ಯಾಯಾಲಯಕ್ಕೂ ನಡುವೆ ಸೇತುವೆಯಾಗಿ ಸಂರಕ್ಷಣಾಧಿಕಾರಿ ಇರಬೇಕೆಂದು ಅದು ಹೇಳಿತು. ನಡೆದುದನ್ನು ಕೇಳಿ ಕೌಟುಂಬಿಕ ಘಟನಾ ವರದಿ ಬರೆಯುವುದು, ಉಚಿತ ಕಾನೂನು ನೆರವು ಕೊಡಿಸುವುದು, ವೈದ್ಯಕೀಯ ತಪಾಸಣೆಗೆ ಕಳಿಸುವುದು, ತಂಗಲು ಜಾಗ ಹುಡುಕುವುದು, ನ್ಯಾಯಾಲಯದ ಆದೇಶ ಪಾಲನೆಯಾಗುತ್ತಿದೆಯೇ ಎಂದು ನೋಡುವುದು, ಇವೆಲ್ಲ ಆ ಅಧಿಕಾರಿಯ ಕರ್ತವ್ಯಗಳು. ಅರ್ಜಿ ಬಂದ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ನಡೆಯಬೇಕು, 60 ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎನ್ನುತ್ತದೆ ಕಾಯಿದೆ.

ನಮ್ಮ ರಾಜ್ಯ ಈ ಹೊಣೆಯನ್ನು ತಾಲ್ಲೂಕುಗಳಲ್ಲಿ ಯಾರಿಗೆ ಒಪ್ಪಿಸಿತು? ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ನಾವೆಲ್ಲ ಸಿ.ಡಿ.ಪಿ.ಓ. ಎಂದು ಕರೆಯುವವರಿಗೆ. ಅವರ ಕೈಯಲ್ಲಿ ಅದಾಗಲೇ ಏನೇನಿದೆ ನೋಡಿ. ತಾಲ್ಲೂಕಿನ ಅಂಗನವಾಡಿಗಳು, ಮಕ್ಕಳ ಆಹಾರ, ತೂಕದ ಲೆಕ್ಕ, ಕಟ್ಟಡಗಳ ದುರಸ್ತಿ, 2017ರಿಂದ ಗರ್ಭಿಣಿ ಬಾಣಂತಿಯರಿಗೆ ಬಿಸಿಯೂಟ ಕೊಡುವ ಮಾತೃಪೂರ್ಣ, ಬಾಲ್ಯವಿವಾಹದ ಸುದ್ದಿ ಬಂದರೆ ತಡೆಯಲು ಓಡುವುದು. 2023ರಿಂದ ಗೃಹಲಕ್ಷ್ಮಿ ಯೋಜನೆಯೂ ಇದೇ ಇಲಾಖೆಗೆ ಸೇರಿತು. ಹಣ ಬಂದಿಲ್ಲ ಎನ್ನುವವರೂ ಬರುವುದು ಅದೇ ಬಾಗಿಲಿಗೆ. ಇಷ್ಟೆಲ್ಲ ಇರುವಾಗ ಸಂರಕ್ಷಣೆಯ ಕೆಲಸ ‘ಹೆಚ್ಚುವರಿ ಹೊಣೆ’ಯಾಗಿ ಕಡತದ ತಳಕ್ಕೆ ಸೇರುವುದು ಆಶ್ಚರ್ಯವೇ?

ಕಾಲೇಜಿನಲ್ಲಿ ಪಾಠ ಮಾಡಿದವರಿಗೆ ಮೌಲ್ಯಮಾಪನದ ದಿನಗಳು ಗೊತ್ತು. ಬೆಳಗಿನ ಮೊದಲ ಉತ್ತರಪತ್ರಿಕೆಯನ್ನು ನೋಡುವ ಕಣ್ಣು ಸಂಜೆಯ ಕೊನೆಯ ಪತ್ರಿಕೆಯ ಹೊತ್ತಿಗೆ ಸೋತಿರುತ್ತದೆ. ಅದಕ್ಕೇ ದಿನಕ್ಕೆ ಇಷ್ಟೇ ಪತ್ರಿಕೆ ಎಂಬ ಮಿತಿ ಇಟ್ಟರು. ಪರೀಕ್ಷೆಯ ಅಂಕಗಳಿಗೆ ಇರುವ ಈ ಎಚ್ಚರ ಹೆಣ್ಣಿನ ಜೀವಕ್ಕೆ ಬೇಡವೇ? ಹೊಡೆತದ ಕಥೆ ಒಂದೇ ಉಸಿರಿಗೆ ಹೊರಬರುವಂಥದಲ್ಲ. ಅವಳು ಮೊದಲು ‘ಏನೂ ಇಲ್ಲಮ್ಮ’ ಎನ್ನುತ್ತಾಳೆ, ಆಮೇಲೆ ಅಳುತ್ತಾಳೆ, ಆಮೇಲೆ ಒಂದೊಂದೇ ಮಾತು ಹೇಳುತ್ತಾಳೆ. ನಾಲ್ಕು ಜನ ಗಂಡಸರು ಕಾಯುತ್ತ ನಿಂತ ಹಜಾರದಲ್ಲಿ, ಸಭೆಗೆಂದು ಚಿಕ್ಕಮಗಳೂರಿಗೆ ಹೊರಡುವ ಅವಸರದಲ್ಲಿರುವ ಅಧಿಕಾರಿಯ ಮುಂದೆ ಅವಳು ಯಾವ ಮಾತು ಹೇಳಿಯಾಳು? ಆಗ ದಣಿದ ಅಧಿಕಾರಿಯ ಬಾಯಲ್ಲೂ ಸುಲಭವಾಗಿ ಬರುವುದು ‘ರಾಜಿ ಮಾಡಿಕೊಳ್ಳಿ’ ಎಂಬ ಮಾತೇ. ರಾಜಿಯಿಂದ ಕಡತ ಮುಗಿಯುತ್ತದೆ, ಹೊಡೆತ ಮುಗಿಯುವುದಿಲ್ಲ.

ಇನ್ನು ಶಿವನಿಯೋ ಸಿಂಗಟಗೆರೆಯೋ ಲಿಂಗದಹಳ್ಳಿಯೋ, ಯಾವ ಊರಾದರೂ ಸೊಸೆಯ ಮೈಮೇಲಿನ ಬಾಸುಂಡೆಯನ್ನು ಮೊದಲು ಕಾಣುವವಳು ಬಹಳ ಸಲ ಅಂಗನವಾಡಿ ಕಾರ್ಯಕರ್ತೆ. ಅವಳಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಗ್ರಾಚ್ಯುಟಿಯ ಹಕ್ಕು ಅವಳಿಗೂ ಇದೆ ಎಂದು ಸುಪ್ರೀಂ ಕೋರ್ಟು ಹೇಳಲು 2022 ಬರಬೇಕಾಯಿತು. ಹೆಂಗಸಿನ ಕೆಲಸವನ್ನು ಸೇವೆ ಎಂದು ಹೊಗಳಿ ಕೂಲಿಯಲ್ಲಿ ಕಡಿತ ಮಾಡುವ ಮನೆಯ ನ್ಯಾಯವೇ ಸರ್ಕಾರದ ನ್ಯಾಯವೂ ಆಗಿದೆ. ತನ್ನ ಹಕ್ಕಿಗೇ ಬೀದಿಗಿಳಿಯಬೇಕಾದವಳು ಇನ್ನೊಬ್ಬಳ ಹಕ್ಕಿಗೆ ಊರಿನ ಯಜಮಾನರನ್ನು ಎದುರಿಸಿ ನಿಲ್ಲಲಿ ಎಂದು ಬಯಸುವುದಾದರೆ, ಅವಳ ಬೆನ್ನಿಗೆ ನಾವಿರಬೇಕು.

ಇದು ಬರೀ ನಮ್ಮ ದೂರಲ್ಲ. ಒಬ್ಬ ಸಂರಕ್ಷಣಾಧಿಕಾರಿಯ ಪಾಲಿಗೆ ಸರಾಸರಿ 500ಕ್ಕೂ ಮಿಕ್ಕಿ ಪ್ರಕರಣಗಳು ಬೀಳುವ ಸ್ಥಿತಿ ನಡೆಯುವಂಥದಲ್ಲ ಎಂದು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿತು. 2025ರ ಮೇ ತಿಂಗಳಲ್ಲಿ ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಿ ಎಂದು ರಾಜ್ಯಗಳಿಗೆ ಆದೇಶಿಸಿತು. ನಮ್ಮಲ್ಲಿ ಹೆಸರಿಗೆ ಅದು ಮೊದಲೇ ಆಗಿದೆ. ಹೆಸರು ಇದ್ದ ಮಾತ್ರಕ್ಕೆ ಹೊತ್ತು ಸಿಗುವುದಿಲ್ಲ ಎಂಬುದೇ ನಮ್ಮ ತಾಲ್ಲೂಕುಗಳ ಪಾಠ.

ಸಕಾರಣವಿಲ್ಲದೆ ಕರ್ತವ್ಯ ಮಾಡದ ಸಂರಕ್ಷಣಾಧಿಕಾರಿಗೆ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ ಇಲ್ಲವೇ ಎರಡನ್ನೂ ವಿಧಿಸಬಹುದು ಎಂದು ಕಾಯಿದೆಯಲ್ಲಿದೆ. ಉಡಾಫೆ ಮಾಡುವವರ ಮೇಲೆ ಅದನ್ನು ಬಳಸಲು ನಾವು ಹಿಂಜರಿಯಬಾರದು. ಆದರೆ ಸಂರಕ್ಷಣಾಧಿಕಾರಿಗೆ ಬೇಕಾದ ಕಚೇರಿ ನೆರವನ್ನು ರಾಜ್ಯ ಸರ್ಕಾರ ಒದಗಿಸಬೇಕು ಎಂದು 2006ರ ನಿಯಮಗಳಲ್ಲೂ ಇದೆ. ಅದನ್ನು ಒದಗಿಸದ ಸರ್ಕಾರಕ್ಕೆ ಯಾವ ದಂಡ?

ಆದ್ದರಿಂದ ನಮ್ಮ ಒತ್ತಾಯ ಸ್ಪಷ್ಟವಾಗಿರಲಿ. ಪ್ರತಿ ತಾಲ್ಲೂಕಿಗೆ ಬೇರೆ ಯಾವ ಹೊಣೆಯೂ ಇಲ್ಲದ ಪೂರ್ಣಾವಧಿ ಸಂರಕ್ಷಣಾಧಿಕಾರಿ ಬೇಕು. ಹೊಸ ತಾಲ್ಲೂಕಾದ ಅಜ್ಜಂಪುರವನ್ನು ತರೀಕೆರೆಯ ಬಾಲವಾಗಿ ನೋಡಬಾರದು. ಗುಟ್ಟಾಗಿ ಮಾತಾಡಲು ಬಾಗಿಲಿರುವ ಒಂದು ಕೋಣೆ, ಬರೆದುಕೊಳ್ಳಲು ಒಬ್ಬ ಸಹಾಯಕಿ, ಹಳ್ಳಿಗೆ ಹೋಗಿಬರಲು ಒಂದು ವಾಹನ ಬೇಕು. ಅಂಗನವಾಡಿ ಕಾರ್ಯಕರ್ತೆಯರು ಧರಣಿ ಕೂತಾಗ ಆ ಚಪ್ಪರದಲ್ಲಿ ನಾವೂ ಇರೋಣ. ನೊಂದವಳ ಮಾತು ಕೇಳುವವಳಿಗೆ ಪುರುಸೊತ್ತು ದೊರಕಿಸಿಕೊಡುವುದೂ ನಮ್ಮ ಹೋರಾಟದ ಕೆಲಸವೇ.