ಎಕ್ಸ್ ಎಣಿಸಿ ಟೋಪಿ ಹಾಕಿಸಿಕೊಂಡವರು

ಕನ್ನಡದಲ್ಲಿ ಟೋಪಿ ಹಾಕುವುದೆಂದರೆ ಮೋಸ ಮಾಡುವುದು. ಈ ಮಾತು ಹೇಗೆ ಹುಟ್ಟಿತೋ, ನನ್ನ ಪಾಲಿಗೆ ಅದು ಅಕ್ಷರಶಃ ನಿಜವಾದದ್ದು ಟೆಕ್ಸಸ್‌ನಲ್ಲಿ. ಅಲ್ಲಿ ನಾನು ಕಂಡ ಕನ್ನಡಿಗರ ಮನೆಗಳಲ್ಲೆಲ್ಲ ಒಂದು ಕೌಬಾಯ್ ಹ್ಯಾಟು ಇದ್ದೇ ಇರುತ್ತಿತ್ತು. ಊರಿಂದ ಬಂದ ಅಪ್ಪ ಅಮ್ಮನ ತಲೆಗೆ ಇಟ್ಟು ಫೋಟೋ ತೆಗೆಯುವುದಕ್ಕೆ. ನನಗೆ ಫೋಟೋದ ಹ್ಯಾಟು ಬೇಕಿರಲಿಲ್ಲ, ಚಳಿಗಾಲವಿಡೀ ಹಾಕಿಕೊಂಡು ಓಡಾಡುವ ಹ್ಯಾಟು ಬೇಕಿತ್ತು. ಅಂಗಡಿಯವನು ಒಂದನ್ನು ತೆಗೆದು ತೆಂಗಿನಕಾಯಿ ಬಡಿದು ನೋಡುವ ಹಾಗೆ ಬೆರಳಲ್ಲಿ ಬಡಿದ. ಟಕ್ ಟಕ್ ಎಂದಿತು. "ನೋಡಿ ಎಷ್ಟು ಗಟ್ಟಿ, 20 ಎಕ್ಸ್" ಅಂದ. ಒಳಗಿನ ಚರ್ಮದ ಪಟ್ಟಿಯ ಮೇಲೆ ಬಂಗಾರದ ಬಣ್ಣದಲ್ಲಿ ಹಾಗೇ ಒತ್ತಿತ್ತು. ಪಕ್ಕದಲ್ಲಿದ್ದ 6 ಎಕ್ಸ್‌ನದನ್ನು ಬಿಟ್ಟು, ಒಂದು ತಿಂಗಳ ಖರ್ಚಿನ ದುಡ್ಡು ಎಣಿಸಿ ಅದನ್ನೇ ತಂದೆ.

ಮೂರನೇ ತಿಂಗಳು ಒಂದು ಸಂಜೆ ಮಳೆಯಲ್ಲಿ ನೆನೆಯಿತು. ಬೆಳಗಾಗುವಷ್ಟರಲ್ಲಿ ಅಂಚು ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿತ್ತು, ಹಣೆಗೆ ಬಿಗಿಯುತ್ತಿತ್ತು. ಹ್ಯಾಟು ರಿಪೇರಿ ಮಾಡುವ ಒಬ್ಬ ಮುದುಕನ ಹತ್ತಿರ ಒಯ್ದೆ. ಅವನು ಎಕ್ಸ್‌ಗಳನ್ನು ನೋಡಲೇ ಇಲ್ಲ. ಒಳಪಟ್ಟಿಯನ್ನು ಮಡಚಿ, ಅದರಡಿಯ ಫೆಲ್ಟನ್ನು ಹೆಬ್ಬೆರಳಿಂದ ಉಜ್ಜಿ, "ಇದರಲ್ಲಿ ಹ್ಯಾಟು ಕಡಿಮೆ, ಅರಗು ಜಾಸ್ತಿ" ಎಂದ.

ಈ ಲೇಖನ ಆ ಎಕ್ಸ್‌ನ ಮೇಲಿನ ಸಿಟ್ಟಿನಿಂದ ಹುಟ್ಟಿದ್ದು.

ಫಿಲಡೆಲ್ಫಿಯಾದಲ್ಲಿ 1865ರಲ್ಲಿ ಜಾನ್ ಬಿ. ಸ್ಟೆಟ್ಸನ್ ಶುರುಮಾಡಿದ ಕಂಪನಿಯ ಕಾಲದಿಂದ ಅಮೆರಿಕದ ಪಶ್ಚಿಮದವರಿಗೆ ಹ್ಯಾಟು ಎಂದರೆ ಪ್ರತಿಷ್ಠೆಯ ವಸ್ತು. ಎಕ್ಸ್ ಹೆಚ್ಚಿದಷ್ಟೂ ಬೀವರ್ ಪ್ರಾಣಿಯ ತುಪ್ಪಳ ಹೆಚ್ಚು ಎಂಬ ಲೆಕ್ಕ ಅವರ ಮನಸ್ಸಿನಲ್ಲಿ ಕೂತಿದೆ. (ಬೀವರ್ ಎಂದರೆ ನಮ್ಮ ನೀರುನಾಯಿ ಅಲ್ಲ. ನೀರುನಾಯಿ ಮೀನು ಹಿಡಿಯುತ್ತದೆ. ಬೀವರ್ ಮರ ಕಡಿದು ಹೊಳೆಗೆ ಅಡ್ಡ ಕಟ್ಟೆ ಕಟ್ಟುತ್ತದೆ.) ಹತ್ತು ಎಕ್ಸ್ ಎಂದರೆ ಅಪ್ಪಟ ಬೀವರ್ ಎಂದು ಹಳಬರು ಈಗಲೂ ಹೇಳುತ್ತಾರೆ. ಇರಬಹುದು. ಆದರೆ ಇವತ್ತಿನ ಅಂಗಡಿಯಲ್ಲಿ 100 ಎಕ್ಸ್ ಹ್ಯಾಟು ಇದೆ, 1000 ಎಕ್ಸ್ ಕೂಡ ಇದೆ. ಹತ್ತಕ್ಕೆ ಅಪ್ಪಟವಾದರೆ ಸಾವಿರಕ್ಕೆ ಏನು, ನೂರು ಪಟ್ಟು ಅಪ್ಪಟವೇ? ಚಿನ್ನಕ್ಕೆ ಹಾಲ್‌ಮಾರ್ಕ್ ಇದೆ, ರೇಷ್ಮೆ ಸೀರೆಗೆ ಸಿಲ್ಕ್ ಮಾರ್ಕ್ ಇದೆ. ಈ ಎಕ್ಸ್‌ಗೆ ಎಲ್ಲರೂ ಒಪ್ಪಿದ ಅಳತೆ ಎಂಬುದೇ ಇಲ್ಲ. ಒಬ್ಬ ತಯಾರಕನ ಆರು ಇನ್ನೊಬ್ಬನ ಇಪ್ಪತ್ತಕ್ಕಿಂತ ಮೇಲಾಗಿರಬಹುದು. ಒಂದೇ ಕಂಪನಿಯೊಳಗೆ ಅಗ್ಗದ್ದು ಯಾವುದು ದುಬಾರಿ ಯಾವುದು ಎಂದು ತಿಳಿಯಲು ಅದು ಸಾಕು, ಬೆಲೆಚೀಟಿಯೂ ಅದನ್ನೇ ಹೇಳುತ್ತದೆ.

ಹಾಗಾದರೆ ಗುಣ ಇರುವುದೆಲ್ಲಿ? ಫೆಲ್ಟ್ ಹೇಗಾಗುತ್ತದೆ ಎಂದು ತಿಳಿದರೆ ಅರ್ಧ ಉತ್ತರ ಸಿಕ್ಕಂತೆ. ಅದು ನೇಯ್ದ ಬಟ್ಟೆಯಲ್ಲ, ಅದಕ್ಕೆ ಹಾಸಿಲ್ಲ, ಹೊಕ್ಕಿಲ್ಲ. ಬೀವರ್, ಕಾಡುಮೊಲ, ಸಾಕುಮೊಲ ಇವುಗಳ ಚರ್ಮದ ಮೇಲೆ ಉದ್ದನೆಯ ಒರಟು ಕೂದಲಿನ ಕೆಳಗೆ ಮೃದುವಾದ ಒಳತುಪ್ಪಳ ಇರುತ್ತದೆ. ಬೇಕಾದದ್ದು ಅದು ಮಾತ್ರ. ಆ ತುಪ್ಪಳದ ಎಳೆಗಳ ಮೈಮೇಲೆ ಮೀನಿನ ಪೊರೆಯಂತೆ ಸಣ್ಣ ಹುರುಪೆಗಳಿರುತ್ತವೆ. ಬಿಸಿ, ತೇವ, ಒತ್ತಡ ಸಿಕ್ಕರೆ ಒಂದಕ್ಕೊಂದು ಸಿಕ್ಕಿಕೊಂಡು ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಕಾರ್ಖಾನೆಯಲ್ಲಿ ತುಪ್ಪಳವನ್ನು ಗಾಳಿಯಲ್ಲಿ ತೂರಿ, ತೂತುಗಳಿರುವ ತಾಮ್ರದ ಶಂಕುವಿನ ಮೇಲೆ ಹೀರಿಸಿ, ಬಿಸಿನೀರು ಚಿಮುಕಿಸುತ್ತಾರೆ. ಆಗ ಸಿಗುವುದು ಹ್ಯಾಟಿಗಿಂತ ಎರಡು ಮೂರು ಪಟ್ಟು ದೊಡ್ಡದಾದ, ಮುಟ್ಟಿದರೆ ಹರಿಯುವ ಒಂದು ಕುಲಾವಿ. ಅದನ್ನು ಮತ್ತೆ ಮತ್ತೆ ಬಿಸಿನೀರಲ್ಲಿ ಅದ್ದಿ, ಉರುಳಿಸಿ, ಹಿಂಡಿ ಕುಗ್ಗಿಸುತ್ತ ಹೋಗುತ್ತಾರೆ.

ಗುಣ ಇರುವುದು ಈ ಕುಗ್ಗಿಸುವಿಕೆಯಲ್ಲಿ. ಬೀವರ್ ತುಪ್ಪಳ ಮೊಲದ್ದಕ್ಕಿಂತ ಬಿಗಿಯಾಗಿ ಹೆಣೆದುಕೊಳ್ಳುತ್ತದೆ, ನೀರನ್ನು ಚೆನ್ನಾಗಿ ತಡೆಯುತ್ತದೆ, ಅದು ನಿಜ. ಆದರೆ ಅವಸರದಲ್ಲಿ ಕುಗ್ಗಿಸಿದ ಬೀವರ್‌ಗಿಂತ ತಾಳ್ಮೆಯಿಂದ ಕುಗ್ಗಿಸಿದ ಮೊಲವೇ ಮೇಲು. ಆದರೆ ತಾಳ್ಮೆಗೆ ಕೂಲಿ ಕೊಡಬೇಕು. ಅದನ್ನು ಉಳಿಸಬೇಕೆಂದಿರುವವನು ಸಡಿಲ ಫೆಲ್ಟಿಗೆ ಅರಗಿನ ದ್ರಾವಣ ಕುಡಿಸಿ, ಒಣಗಿಸಿ, ಟಕ್ ಟಕ್ ಎನ್ನುವ ಹಾಗೆ ಮಾಡುತ್ತಾನೆ. ಕಾರ್ಖಾನೆಯಲ್ಲಿ ಮುಗಿಯಬೇಕಾಗಿದ್ದ ಕುಗ್ಗುವಿಕೆ ಮಳೆ ಬಿದ್ದ ದಿನ ಗಿರಾಕಿಯ ತಲೆಯ ಮೇಲೆ ಮುಂದುವರಿಯುತ್ತದೆ.

ಈ ಅರಗು ನಮ್ಮದೇ. ಜಾರ್ಖಂಡ್, ಛತ್ತೀಸ್‌ಗಢದ ಕಾಡಿನ ಮರಗಳ ಮೇಲೆ ಸಣ್ಣ ಕೀಟ ಒಸರುವ ಅಂಟು. ಶೆಲ್ಲಾಕ್ ಎಂಬ ಹೆಸರಿನಲ್ಲಿ ಲೋಕವೆಲ್ಲ ಸುತ್ತಿ ಟೆಕ್ಸಸ್‌ನ ಹ್ಯಾಟಿನೊಳಗೆ ಕೂರುತ್ತದೆ. ಪಾಂಡವರಿಗೆ ಅರಗಿನ ಮನೆ ಕಟ್ಟಿಸಿದವನೂ ನೋಡುವುದಕ್ಕೆ ಅರಮನೆಯನ್ನೇ ಕಟ್ಟಿಸಿದ್ದ. ಅರಗೇ ಕೂಡದೆಂದು ನಾನು ಹೇಳುತ್ತಿಲ್ಲ. ನಾಲ್ಕಿಂಚು ಅಗಲದ ಅಂಚು ಗಾಳಿಗೆ ನಿಲ್ಲಬೇಕಾದರೆ ಸ್ವಲ್ಪ ಬೇಕೇ ಬೇಕು. ಗಟ್ಟಿತನವನ್ನೇ ಗುಣವೆಂದು ಮಾರುವುದು ಮಾತ್ರ ಮೋಸ.

ಇದನ್ನು ನನಗೆ ಮೊದಲು ಹೇಳಬಹುದಾಗಿದ್ದವರು ಚಳ್ಳಕೆರೆಯ ನಮ್ಮ ಚಿಕ್ಕಪ್ಪ. ಅಲ್ಲಿ ಕಂಬಳಿ ನೇಯ್ದ ಮೇಲೆ ಹುಣಸೆಬೀಜದ ಗಂಜಿ ಹಾಕುತ್ತಾರೆ. ಹೊಸ ಕಂಬಳಿ ತಗಡಿನ ಹಾಗೆ ನಿಲ್ಲುತ್ತದೆ. ಹ್ಯಾಟಿನ ಕತೆ ಫೋನಿನಲ್ಲಿ ಹೇಳಿದಾಗ ಅವರು ನಕ್ಕು, "ಅಲ್ಲೋ, ಅಷ್ಟು ದುಡ್ಡು ಕೊಟ್ಟು ಮಳೇಲಿ ನೆನೀಬಾರದ ಟೋಪಿ ತಂದ್ಯಾ? ಗಂಜಿ ನೋಡಿ ಯಾರಾದ್ರೂ ಕಂಬಳಿ ತಗೋತಾರೇನೋ?" ಎಂದರು. ಕಂಬಳಿ ಕೊಳ್ಳುವವನು ಅದನ್ನು ಮಡಚಿ, ಉಜ್ಜಿ, ಗಂಜಿಯ ಹಿಂದೆ ಉಣ್ಣೆ ಎಷ್ಟಿದೆ ಎಂದು ನೋಡುತ್ತಾನೆ. ಡಾಲರ್ ಕೊಡುವಾಗ ನನಗೆ ಆ ಬುದ್ಧಿ ಇರಲಿಲ್ಲ.

ಹ್ಯಾಟನ್ನೂ ಹಾಗೇ ನೋಡಬೇಕು. ಮೊದಲು ಕೇಳಬೇಕಾದದ್ದು, ಇದರಲ್ಲಿ ಯಾವ ಪ್ರಾಣಿಯ ತುಪ್ಪಳ ಎಷ್ಟು ಪಾಲು ಇದೆ ಎಂದು. "ಒಳ್ಳೆಯ ಫರ್ ಮಿಶ್ರಣ" ಎಂಬ ಉತ್ತರ ಬಂದರೆ ಅದು ಉತ್ತರವಲ್ಲ. ಆಮೇಲೆ ಒಳಪಟ್ಟಿ ಮಡಚಿ, ಉಜ್ಜಿ ಪಾಲಿಶ್ ಮಾಡದ ಆ ಜಾಗದ ಫೆಲ್ಟನ್ನು ಮುಟ್ಟಿ. ತೆಳ್ಳಗಿದ್ದೂ ಒತ್ತಾಗಿರಬೇಕು, ದಪ್ಪಗಿದ್ದು ಸ್ಪಂಜಿನ ಹಾಗಿದ್ದರೆ ಸಡಿಲವೆಂದೇ ತಿಳಿಯಿರಿ. ಅಂಚನ್ನು ಮೆಲ್ಲಗೆ ಬಾಗಿಸಿ ಬಿಟ್ಟರೆ ತಾನಾಗಿ ಹಿಂದಕ್ಕೆ ಬರಬೇಕು, ಬಾಗಿದ ಕಡೆ ಬಿಳಿ ಗೆರೆ ಮೂಡಬಾರದು. ತಿಳಿಬಣ್ಣದ ಹ್ಯಾಟನ್ನು ಅಂಗೈಗೆ ತಟ್ಟಿ ನೋಡಿ, ಕಲೆ ಮುಚ್ಚಲು ಬಳಿದ ಪುಡಿ ಉದುರುತ್ತದೆಯೇ ಎಂದು. ಒಳಪಟ್ಟಿ ನಿಜವಾದ ಚರ್ಮವೇ, ಅಂಟಿಸಿದ್ದೋ ಹೊಲಿದದ್ದೋ? ಇಷ್ಟೆಲ್ಲ ಆದಮೇಲೆ ತಲೆಗೆ ಇಡಿ. ಹಣೆಯ ಸುತ್ತ ಒಂದೇ ಸಮನಾಗಿ ಕೂರಬೇಕು. ಕುರಿ ಉಣ್ಣೆಯ ಫೆಲ್ಟ್ ಅಗ್ಗ, ಬೇಗ ಜೋಲುತ್ತದೆ, ಕುಗ್ಗುತ್ತದೆ. ಆದರೂ ವಿದ್ಯಾರ್ಥಿಗಳ ಜೇಬಿಗೆ, ತಾನು ಉಣ್ಣೆ ಎಂದು ಒಪ್ಪಿಕೊಳ್ಳುವ ಹ್ಯಾಟು ತಾನು ಬೀವರ್ ಎಂದು ನಟಿಸುವ ಹ್ಯಾಟಿಗಿಂತ ವಾಸಿ ಎಂಬುದು ನನ್ನ ಅಭಿಪ್ರಾಯ.

ಮೃದುವಾಗಿರುವುದೆಲ್ಲ ಕಳಪೆ ಎಂಬ ತಪ್ಪು ತಿಳಿವಳಿಕೆಯೂ ಇದೆ. ಇಟಲಿಯ ಅಲೆಸ್ಸಾಂಡ್ರಿಯಾದಲ್ಲಿ 1857ರಿಂದ ನಡೆದುಬಂದ ಬೊರ್ಸಲಿನೊದ ಹ್ಯಾಟುಗಳ ಹೆಸರೆಲ್ಲ ಮೃದುತನಕ್ಕೇ ಬಂದದ್ದು. ಫೆಡೋರಾ ಎಂಬ ಹ್ಯಾಟಿನ ಹೆಸರು ಬಂದಿರುವುದು ವಿಕ್ಟೋರಿಯನ್ ಸಾರ್ದೂನ 1882ರ ನಾಟಕದಿಂದ. ಸಾರಾ ಬರ್ನಾರ್ಡ್ ಅದರಲ್ಲಿ ರಾಜಕುಮಾರಿ ಫೆಡೋರಾ ಆಗಿದ್ದಳು. ಗಂಡಸರ ಗತ್ತಿನ ಗುರುತಾದ ಹ್ಯಾಟಿಗೆ ನಾಟಕದ ಹೆಣ್ಣಿನ ಹೆಸರು ಎಂಬುದು ನನಗೆ ಖುಷಿ ಕೊಡುವ ಸಂಗತಿ, ಇಲ್ಲಿ ಹೇಳಲು ಬೇರೆ ಕಾರಣವಿಲ್ಲ.

ಗಟ್ಟಿಯಾಗಿ ಹೇಳಬೇಕಾದ ಮಾತು ಮುಂದಿದೆ. ಹ್ಯಾಟು ಪ್ರಿಯರಲ್ಲಿ ಒಂದು ಪಂಗಡ "ಹಳೆಯ ಕಾಲದ ಫೆಲ್ಟ್ ಈಗೆಲ್ಲಿ ಬರುತ್ತದೆ" ಎಂದು ನಿಟ್ಟುಸಿರು ಬಿಡುತ್ತದೆ. ಹಳೆಯ ಫೆಲ್ಟಿನ ಹಿಂದೆ ಏನಿತ್ತೆಂದು ಅವರು ನೆನೆಯುವುದು ಕಡಿಮೆ. ಮೊಲದ ತುಪ್ಪಳ ತಾನಾಗಿ ಚೆನ್ನಾಗಿ ಹೆಣೆದುಕೊಳ್ಳುವುದಿಲ್ಲ. ಅದಕ್ಕಾಗಿ ಚರ್ಮಕ್ಕೆ ಪಾದರಸದ ನೈಟ್ರೇಟ್ ಬಳಿಯುತ್ತಿದ್ದರು. ತುಪ್ಪಳದ ತುದಿ ಗಜ್ಜರಿಯ ಬಣ್ಣಕ್ಕೆ ತಿರುಗುತ್ತಿದ್ದುದರಿಂದ ಆ ಕೆಲಸಕ್ಕೇ ಗಜ್ಜರಿಯ ಹೆಸರು ಬಂತು. ಆಮೇಲಿನ ಪ್ರತಿ ಬಿಸಿನೀರಿನ ಹಂತದಲ್ಲೂ ಪಾದರಸದ ಆವಿ ಎದ್ದು ಕೆಲಸಗಾರರ ಉಸಿರಿಗೆ ಹೋಗುತ್ತಿತ್ತು. ಕನೆಕ್ಟಿಕಟ್‌ನ ಡ್ಯಾನ್‌ಬರಿ ಅಮೆರಿಕದ ಹ್ಯಾಟಿನ ಊರು. ಅಲ್ಲಿನವರ ಕೈ ನಡುಕಕ್ಕೆ ಊರಿನ ಹೆಸರೇ ಅಂಟಿತು, ಡ್ಯಾನ್‌ಬರಿ ನಡುಕ ಎಂದು. ಅಮೆರಿಕದಲ್ಲಿ ಇದು ನಿಂತದ್ದು 1941ರಲ್ಲಿ. ಈಗ ಆ ಕೆಲಸಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬಳಸುತ್ತಾರೆ.

ಸಾಹಿತ್ಯದವರಾದ ನಮಗೆ ಹ್ಯಾಟು ಮಾಡುವವನು ಎಂದರೆ ಆಲಿಸ್‌ಳ ಕತೆಯ ಹುಚ್ಚ ನೆನಪಾಗುತ್ತಾನೆ. ಪಾದರಸದ ವಿಷ ಅವನ ಹಾಗೆ ಮಾತಿನ ಮಲ್ಲರನ್ನು ಮಾಡುತ್ತಿರಲಿಲ್ಲ. ಅದು ಮನುಷ್ಯನನ್ನು ಅಂಜುಬುರುಕನನ್ನಾಗಿಸಿ, ಇನ್ನೊಬ್ಬರ ಎದುರು ನಿಲ್ಲಲಾರದಂತೆ ಮಾಡುತ್ತಿತ್ತು. ಕೈ ನಡುಗಿ ಚಹಾದ ಬಟ್ಟಲು ತುಳುಕುತ್ತಿತ್ತು. ತಮಾಷೆಯನ್ನು ಉಳಿಸಿಕೊಂಡ ನಾವು ಆ ಕೈಗಳನ್ನು ಮರೆತೆವು. ಹಳೆಯ ಹ್ಯಾಟು ಸಂಗ್ರಹಿಸುವವರಿಗೆ ಇನ್ನೊಂದು ಮಾತು: ಆ ಪಾದರಸ ಎಷ್ಟೋ ಹಳೆಯ ಫೆಲ್ಟಿನಲ್ಲಿ ಇನ್ನೂ ಇದೆ. ಈಗಿನ ಹ್ಯಾಟು ಅಜ್ಜನ ಹ್ಯಾಟಿಗಿಂತ ಕೊಂಚ ಕಡಿಮೆ ನಯವಾಗಿದ್ದರೆ ಇರಲಿ ಬಿಡಿ.

"ಟೋಪಿಗಾಗಿ ಪ್ರಾಣಿ ಕೊಲ್ಲುವುದೇ?" ಎಂದು ನೀವು ಕೇಳುತ್ತೀರಿ, ಕೇಳಬೇಕು. ಯುರೋಪಿನ ಬೀವರ್‌ಗಳನ್ನು ಹ್ಯಾಟಿಗಾಗಿ ಮುಗಿಸಿದ ಮೇಲೆಯೇ ವರ್ತಕರು ಉತ್ತರ ಅಮೆರಿಕದ ಹೊಳೆಗಳಿಗೆ ಇಳಿದದ್ದು. 1670ರಲ್ಲಿ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿ ಬೆಳೆದದ್ದು ಈ ಚರ್ಮದ ಮೇಲೆಯೇ. ಮೊಲದ ಲೆಕ್ಕ ಬೇರೆ. ಅದರ ಚರ್ಮ ಬಹುಮಟ್ಟಿಗೆ ಮಾಂಸದ ಜೊತೆಗೆ ಬರುವಂಥದು. 1859ರಲ್ಲಿ ಬೇಟೆಗೆಂದು ತಂದುಬಿಟ್ಟ ಮೊಲಗಳು ಪಿಡುಗಾದ ಆಸ್ಟ್ರೇಲಿಯದಲ್ಲಿ ಅಕುಬ್ರಾ ಹ್ಯಾಟುಗಳು ಮೊಲದ ತುಪ್ಪಳದಿಂದಲೇ ಆಗುತ್ತವೆ. ಇಷ್ಟು ಹೇಳಿದರೂ ಪ್ರಶ್ನೆ ಮುಗಿಯುವುದಿಲ್ಲ, ಮುಗಿಯಿತೆಂದು ನಾನು ನಟಿಸುವುದಿಲ್ಲ. ಒಪ್ಪದವರು ಹುಲ್ಲಿನ ಹ್ಯಾಟು ಹಾಕಲಿ. ಟೆಕ್ಸಸ್‌ನವರೂ ಬೇಸಿಗೆಯಲ್ಲಿ ಅದನ್ನೇ ಹಾಕುತ್ತಾರೆ. ಬಳ್ಳಾರಿಯ ಬಿಸಿಲಿನಲ್ಲಂತೂ ಫೆಲ್ಟ್ ಬರೀ ಮೂರ್ಖತನ. ಆದರೆ ಒಂದು ಜೀವದ ತುಪ್ಪಳವನ್ನು ಕೊಂಡು ತಂದು, ಡಬ್ಬಿಯಲ್ಲಿಟ್ಟು, ವರ್ಷಕ್ಕೊಮ್ಮೆ ತೆಗೆದು "ಹೊಸದರ ಹಾಗೇ ಇದೆ" ಎಂದು ಬೀಗುವವರಿದ್ದಾರಲ್ಲ, ನನ್ನ ಜಗಳ ಹೆಚ್ಚಾಗಿ ಅವರ ಜೊತೆ.

ಅವರಿಗೆ ಚರಿತ್ರೆಯ ಒಂದು ಸಂಗತಿ ಹೇಳುತ್ತೇನೆ. ಬೀವರ್ ವ್ಯಾಪಾರದ ಕಾಲದಲ್ಲಿ ಹ್ಯಾಟಿಗೆ ಅತಿ ಶ್ರೇಷ್ಠವೆನಿಸಿದ್ದ ಚರ್ಮ ಹೊಸತಾಗಿರಲಿಲ್ಲ. ಅಲ್ಲಿನ ಮೂಲನಿವಾಸಿಗಳು ಒಂದೆರಡು ಚಳಿಗಾಲ ಮೈಮೇಲೆ ಹೊದ್ದು ಸವೆಸಿದ ಚರ್ಮ ಅದು. ಫ್ರೆಂಚರು ಅದನ್ನು ಕಾಸ್ತೋರ್ ಗ್ರಾ, ಅಂದರೆ ಜಿಡ್ಡಿನ ಬೀವರ್ ಎನ್ನುತ್ತಿದ್ದರು. ಮೈಗೆ ಉಜ್ಜಿ ಉಜ್ಜಿ ಒರಟು ಕೂದಲು ಉದುರಿ ಒಳತುಪ್ಪಳ ಮಾತ್ರ ಉಳಿದಿರುತ್ತಿತ್ತು, ಬೆವರಿನ ಜಿಡ್ಡು ಹಿಡಿದಿರುತ್ತಿತ್ತು. ಪ್ಯಾರಿಸ್ಸಿನ ದೊರೆಮಕ್ಕಳ ತಲೆಯ ಮೇಲಿನ ನಯಕ್ಕೆ ಇನ್ನಾರದೋ ಮೈಯ ಬೆವರು ಕಾರಣ.

ಒಳ್ಳೆಯ ಹ್ಯಾಟು ಸವೆಯುವ ರೀತಿಯೇ ಬೇರೆ. ಮೊದಲ ವರ್ಷ ಅದು ನಿಮ್ಮದಲ್ಲ, ಅಚ್ಚಿನದು. ಎರಡನೇ ವರ್ಷಕ್ಕೆ ಹಣೆಯ ಆಕಾರ ಹಿಡಿಯುತ್ತದೆ, ಅಂಚು ಕೈ ತಾಗುವ ಕಡೆ ಸ್ವಲ್ಪ ಬಾಗುತ್ತದೆ. ಪಟ್ಟಿಯ ಸುತ್ತ ಬೆವರಿನ ಗೆರೆ ಬರುತ್ತದೆ, ಬರಲಿ. ನೆನೆದರೆ ನೀರು ಕೊಡವಿ, ಚರ್ಮದ ಪಟ್ಟಿಯನ್ನು ಹೊರಕ್ಕೆ ಮಡಚಿ, ಅದರ ಮೇಲೆ ನಿಲ್ಲಿಸಿ ತಾನಾಗಿ ಒಣಗಲು ಬಿಡಬೇಕು. ಹೀಟರ್ ಹತ್ತಿರ ಇಟ್ಟರೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ, ಚರ್ಮ ಮುದುಡಿ ಹ್ಯಾಟನ್ನೂ ಎಳೆದುಕೊಳ್ಳುತ್ತದೆ. ಮೇಲ್ಗಡೆಯ ಚಿವುಟು ಮಡಿಕೆ ಹಿಡಿದು ಎತ್ತುವ ಚಟ ಸಿನಿಮಾದಿಂದ ಬಂದದ್ದು, ಅಲ್ಲೇ ಮೊದಲು ತೂತು ಬೀಳುತ್ತದೆ. ಮೃದು ಬ್ರಷ್‌ನಲ್ಲಿ ನವಿರಿನ ದಿಕ್ಕಿಗೆ ಧೂಳು ಕೊಡವುವುದು, ಮೇಜಿನ ಮೇಲೆ ಅಂಗಾತ ಇಡುವುದು, ಆಕಾರ ಕೆಟ್ಟರೆ ಕುದಿಯುವ ನೀರಿನ ಹಬೆ ಹಿಡಿದು ಕೈಯಲ್ಲಿ ತಿದ್ದುವುದು. ಆರೈಕೆ ಎಂದರೆ ಇಷ್ಟೇ.

ನನ್ನ ಎರಡನೇ ಹ್ಯಾಟನ್ನು ಆ ಮುದುಕನಿಂದಲೇ ಕೊಂಡೆ. ಕಾಡುಮೊಲ ಮತ್ತು ಬೀವರ್ ಅರ್ಧರ್ಧ ಎಂದು ಅವನು ಚೀಟಿಯಲ್ಲಿ ಬರೆದುಕೊಟ್ಟ. ಒಳಗೆ ಒಂದು ಎಕ್ಸ್ ಕೂಡ ಇಲ್ಲ. ಒಂಬತ್ತು ಚಳಿಗಾಲ ಕಂಡಿದೆ, ಲೆಕ್ಕವಿಲ್ಲದಷ್ಟು ಸಲ ನೆನೆದಿದೆ. ಹೋದ ಸಲ ಊರಿಗೆ ಹೋದಾಗ ಚಿಕ್ಕಪ್ಪ ಅದನ್ನು ಕೈಗೆ ತೆಗೆದುಕೊಂಡು, ತಲೆಗೆ ಇಡುವ ಮೊದಲು ಪಟ್ಟಿ ಮಡಚಿ ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. "ಇದು ಪರವಾಗಿಲ್ಲ ಕಣೋ" ಎಂದರು.

20 ಎಕ್ಸ್‌ನದೂ ಮನೆಯಲ್ಲಿದೆ. ಊರಿಂದ ನೆಂಟರು ಬಂದರೆ ಫೋಟೋ ತೆಗೆಯುತ್ತೇವೆ.