ಶ್ರೀಗಂಧದ ಸಾಬೂನು ಕಲಿಸುವ ಪಾಠ

ಹೊಸ ವಸ್ತುವೊಂದು ಹುಟ್ಟಬೇಕಾದರೆ ಮಹಾಮೇಧಾವಿಯೊಬ್ಬನು ಹುಟ್ಟಿಬರಬೇಕೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಮೇಧಾವಿಗಳ ವಿಷಯದಲ್ಲಿ ನನಗೆ ಗೌರವವಿಲ್ಲದೆ ಇಲ್ಲ. ಆದರೆ ಒಬ್ಬನ ಮನಸ್ಸಿಗೆ ಹೊಳೆದ ವಿಚಾರವು ಸಾವಿರಾರು ಜನರ ಕೈಗೆಟುಕುವ ವಸ್ತುವಾಗಬೇಕಾದರೆ ಅದರ ಹಿಂದೆ ಸಂಸ್ಥೆಯೊಂದರ ತಾಳ್ಮೆ ಇರಬೇಕೆಂಬುದು ನನ್ನ ಅಭಿಪ್ರಾಯ. ಇದಕ್ಕೆ ನಿದರ್ಶನವನ್ನು ದೂರದೇಶಗಳಲ್ಲಿ ಅರಸಬೇಕಾಗಿಲ್ಲ. ನಮ್ಮ ಬಚ್ಚಲುಮನೆಯ ಗೂಡಿನಲ್ಲಿಯೇ ಅದು ಕುಳಿತಿದೆ.

ಮೈಸೂರು ಸಂಸ್ಥಾನವು ಶ್ರೀಗಂಧಕ್ಕೆ ಹೆಸರಾಗಿತ್ತು. ಆದರೆ ನಾವು ಮಾರುತ್ತಿದ್ದುದು ಕೊರಡನ್ನು. ಅದರಿಂದ ಎಣ್ಣೆ ತೆಗೆದು ಲಾಭ ಪಡೆಯುತ್ತಿದ್ದವರು ಯುರೋಪಿನವರು, ಅದರಲ್ಲಿಯೂ ಜರ್ಮನಿಯವರು. 1914ರಲ್ಲಿ ಮಹಾಯುದ್ಧ ಪ್ರಾರಂಭವಾಗಿ ಈ ವ್ಯಾಪಾರ ನಿಂತಿತು. ಮರವಿತ್ತು, ಕೊಳ್ಳುವವರಿರಲಿಲ್ಲ. ಯುದ್ಧ ಮುಗಿಯಲೆಂದು ಕೈಕಟ್ಟಿ ಕುಳಿತಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಸರ್ಕಾರವು ಈ ಕಷ್ಟವನ್ನು ಒಂದು ಪ್ರಶ್ನೆಯನ್ನಾಗಿ ಮಾರ್ಪಡಿಸಿತು: ಎಣ್ಣೆಯನ್ನು ನಾವೇ ಏಕೆ ತೆಗೆಯಬಾರದು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ವಿದ್ವಾಂಸರು ಗಂಧದೆಣ್ಣೆಯನ್ನು ಬಟ್ಟಿಯಿಳಿಸುವ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಎಣ್ಣೆ ಸಿದ್ಧವಾಯಿತು. ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆಯೇ ನಿಂತಿತು. ಎಣ್ಣೆಯಿಂದ ಸಾಬೂನಿನವರೆಗೆ ವಿಚಾರ ಬೆಳೆಯಿತು. ಎಸ್. ಜಿ. ಶಾಸ್ತ್ರಿಗಳನ್ನು ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಹಿಂದಿರುಗಿ ದುಡಿದ ಫಲವಾಗಿ 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಪೇಟೆಗೆ ಬಂದಿತು. ಜನ ಅವರನ್ನು ‘ಸೋಪು ಶಾಸ್ತ್ರಿ’ಗಳೆಂದೇ ಕರೆದರು.

ಇಲ್ಲಿ ಗಮನಿಸತಕ್ಕ ಅಂಶಗಳು ಮೂರು. ಮೊದಲನೆಯದು, ತೊಂದರೆಯನ್ನು ಮುಚ್ಚಿಡದೆ ಬಲ್ಲವರ ಮುಂದೆ ಇಟ್ಟದ್ದು. ಎರಡನೆಯದು, ಪ್ರಯೋಗಶಾಲೆಗೂ ಕಾರ್ಖಾನೆಗೂ ನಡುವೆ ಹಾದಿ ಮಾಡಿದ್ದು; ಎಷ್ಟೋ ಸಂಶೋಧನೆಗಳು ಈ ಹಾದಿಯಿಲ್ಲದೆ ಕಪಾಟಿನಲ್ಲಿ ಧೂಳು ತಿನ್ನುತ್ತವೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಕಲಿಯಲು ಕಳುಹಿಸಿದವನು ಹಿಂದಿರುಗಿದಾಗ ಅವನ ಕೈಗೆ ಕೆಲಸವನ್ನೂ ಅಧಿಕಾರವನ್ನೂ ಕೊಟ್ಟದ್ದು. ಕಲಿತು ಬಂದವನನ್ನು ಕಡತದ ಮುಂದೆ ಕೂರಿಸುವ ಸಂಸ್ಥೆಯಲ್ಲಿ ಹೊಸತು ಹುಟ್ಟುವುದುಂಟೆ?

‘ಸರ್ಕಾರದಿಂದ ಹೊಸದೇನೂ ಆಗದು’ ಎನ್ನುವ ಮಿತ್ರರಿಗೆ ಈ ಸಾಬೂನೇ ಉತ್ತರ. ಆದರೆ ಕಥೆಯ ಇನ್ನೊಂದು ಮುಖವನ್ನು ಮರೆಮಾಡುವುದು ನ್ಯಾಯವಲ್ಲ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದ್ದನು. ಅರಸೊತ್ತಿಗೆ ಹೋದರೂ ಆ ನಿಯಮದ ನೆರಳು ಹೋಗಲಿಲ್ಲ. ರೈತನ ಹೊಲದಲ್ಲಿ ಹುಟ್ಟಿದ ಗಂಧದ ಮರವೂ ರೈತನದಾಗಿರಲಿಲ್ಲ. ತನ್ನದಲ್ಲದ ಮರವನ್ನು ಯಾರು ತಾನೆ ಅಕ್ಕರೆಯಿಂದ ಬೆಳೆಸುತ್ತಾರೆ? ಕಳ್ಳರ ಕೊಡಲಿಯೂ ಸ್ಪೈಕ್ ರೋಗವೂ ಸೇರಿ ಗಂಧದ ಕಾಡು ಕ್ಷೀಣಿಸಿತು. 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ಜಮೀನಿನ ಒಡೆಯನೇ ಮರದ ಒಡೆಯನೆಂದಾಯಿತು. ಸಾಬೂನು ಪೇಟೆಗೆ ಬಂದು ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ! ಗಂಧದ ಮರದಲ್ಲಿ ಚೇಗು ಕಟ್ಟಲು ಹಲವು ವರ್ಷಗಳೇ ಬೇಕು. ಕಳೆದುಹೋದ ಕಾಲವನ್ನು ಕಾನೂನು ಹಿಂದಕ್ಕೆ ತರಲಾರದು.

ಕಾರ್ಖಾನೆಯವರು ಎಣ್ಣೆಯನ್ನು ಕುರಿತು ಯೋಚಿಸಿದಷ್ಟು ಆಳುವವರು ಬೆಳೆಗಾರನನ್ನು ಕುರಿತು ಯೋಚಿಸಲಿಲ್ಲ ಎಂಬುದೇ ನನ್ನ ಆಕ್ಷೇಪಣೆ. ಗಂಧದ ಮರವು ನೆರೆಯ ಗಿಡಗಳ ಬೇರಿನಿಂದ ಸಾರವನ್ನು ಹೀರಿ ಬೆಳೆಯುತ್ತದೆ. ನೆರೆಯ ಗಿಡ ಸೊರಗಿದರೆ ಅದೂ ಸೊರಗುತ್ತದೆ. ಸಂಸ್ಥೆಗಳ ಮಾತೂ ಹಾಗೆಯೇ.

ಕಲಾ ವಿಭಾಗದ ನಮಗೆ ಇದರಲ್ಲಿ ಏನು ಕೆಲಸವೆಂದು ಕೇಳಬಹುದು. ಬಟ್ಟಿಯಿಳಿಸುವ ವಿದ್ಯೆ ನಮ್ಮದಲ್ಲ, ನಿಜ. ಆದರೆ ಮರ ಯಾರದು, ಲಾಭ ಯಾರಿಗೆ, ಕಾನೂನು ಯಾರ ಕೈ ಕಟ್ಟಿದೆ ಎಂಬ ಪ್ರಶ್ನೆಗಳು ಅರ್ಥಶಾಸ್ತ್ರದವು, ಇತಿಹಾಸದವು, ರಾಜ್ಯಶಾಸ್ತ್ರದವು. ಇವುಗಳನ್ನು ಸಕಾಲದಲ್ಲಿ ಕೇಳುವವರಿದ್ದಿದ್ದರೆ 2001ರವರೆಗೆ ಕಾಯಬೇಕಾಗಿರಲಿಲ್ಲವೇನೋ. ನಮ್ಮಲ್ಲಿ ಬಹುಮಂದಿ ನಾಳೆ ಕಚೇರಿಗಳಲ್ಲಿ ಕುಳಿತುಕೊಳ್ಳುವವರು. ಹೊಸ ವಿಚಾರ ಹೊತ್ತು ಬಂದವನಿಗೆ ‘ಇದು ವಾಡಿಕೆಯಲ್ಲಿಲ್ಲ’ ಎಂದು ಹೇಳುವ ಅವಕಾಶ ನಮಗೆ ದಿನವೂ ಒದಗುತ್ತದೆ. ಅದರ ಬದಲು ‘ಕುಳಿತುಕೊಳ್ಳಿ, ವಿವರವಾಗಿ ಹೇಳಿ’ ಎನ್ನುವಷ್ಟು ತಾಳ್ಮೆಯನ್ನಾದರೂ ಈ ಕಾಲೇಜಿನಿಂದ ನಾವು ಹೊತ್ತುಕೊಂಡು ಹೋಗೋಣ.